ದೊರೆಯ ಚಿಕ್ಕ ಕಿವಿ

ನನ್ನ ಗಂಡ ಪಷೆದುವಿಗೂ ನನ್ನ ಅಣ್ಣ ನೆಬ್ರೆಗೂ ಮಾತು ಬಿಟ್ಟದ್ದು ಒಂದು ಬಾತುಕೋಳಿಯ ಕತ್ತಿನಿಂದ. ನೈಲ್ ನದಿ ತುಂಬಿದ ಹಬ್ಬದ ದಿನ ನಮ್ಮ ಮನೆಯಲ್ಲಿ ಊಟ. ಬಡಿಸುವ ಭರದಲ್ಲಿ ನನ್ನ ಗಂಡ ತೊಡೆಯನ್ನು ತನ್ನ ತಟ್ಟೆಗೆ ಹಾಕಿಕೊಂಡು ಕತ್ತನ್ನು ಅಣ್ಣನಿಗೆ ಹಾಕಿದ. ಅಣ್ಣ ತಟ್ಟೆ ತಳ್ಳಿ ಎದ್ದುಹೋದ. ಅಷ್ಟೇ. ಇಬ್ಬರಿಗೂ ಮೀಸೆ ಮೂಡಿ ಎಷ್ಟು ಕಾಲವಾಗಿತ್ತೋ, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲೇ ಇತ್ತು.

ಬೇರೆಯವರಾಗಿದ್ದರೆ ಊರಿಗೆ ನಷ್ಟವಿರಲಿಲ್ಲ. ಆದರೆ ಇವರಿಬ್ಬರೂ ಕಲ್ಲುಕುಟಿಗರ ಮೇಸ್ತ್ರಿಗಳು. ನಮ್ಮಲ್ಲಿ ಕೆಲಸದವರು ದೋಣಿಯಲ್ಲಿ ಹುಟ್ಟು ಹಾಕುವವರ ಹಾಗೆ ಎರಡು ತಂಡ: ಬಲಬದಿಗೆ ಅಣ್ಣ, ಎಡಬದಿಗೆ ಗಂಡ. ಗುಡಿಯ ಬಾಗಿಲಲ್ಲಿ ಕೂತಿರುವ ದೊರೆಯ ಮೂರ್ತಿ ಖರ್ಜೂರದ ಮರಕ್ಕಿಂತ ಎತ್ತರ; ಅದರಲ್ಲಿ ಅರ್ಧ ಅವರದು, ಅರ್ಧ ಇವರದು. ಕೆಂಪು ಬಣ್ಣದಲ್ಲಿ ಅದ್ದಿದ ದಾರದ ಒಂದು ತುದಿಯನ್ನು ಈ ಮೇಸ್ತ್ರಿ ಹಿಡಿಯಬೇಕು, ಇನ್ನೊಂದನ್ನು ಆ ಮೇಸ್ತ್ರಿ. ಮಿಡಿದು ಬಿಟ್ಟರೆ ಕಲ್ಲಿನ ಮೇಲೆ ಗೆರೆ ಬೀಳುತ್ತದೆ, ಗೆರೆ ನೋಡಿಕೊಂಡು ಎರಡೂ ಕಡೆ ಉಳಿ ನಡೆಯುತ್ತದೆ. ಜಗಳವಾದಾಗ ದೊರೆಯ ತಲೆಯೊಂದೇ ಬಾಕಿಯಿತ್ತು.

"ನಿಮ್ಮಣ್ಣಂಗೆ ಹೇಳು, ಬಂದು ದಾರ ಹಿಡೀಬೇಕಂತ," ಅಂದ ಗಂಡ. ನಾನು ಬಿಯರಿನ ಗಡಿಗೆ ಹೊತ್ತು ಅಟ್ಟಣಿಗೆ ಹತ್ತಿದ್ದೆ. ಅಣ್ಣ ಮಾರು ದೂರದಲ್ಲೇ ನಿಂತಿದ್ದ.

"ನಿನ್ ಗಂಡಂಗೆ ಹೇಳಮ್ಮ, ಕತ್ತು ಬಡಿಸ್ಕೊಂಡೋರ ಕೈಯಲ್ಲಿ ಬಲ ಇರಲ್ಲ. ತೊಡೆ ತಿಂದೋರೇ ಎರಡೂ ತುದಿ ಹಿಡ್ಕೊಳ್ಳಲಿ."

"ನಾನೇನು ನಿಮ್ಮಿಬ್ರ ಮಧ್ಯ ಓಡಾಡೋ ದೋಣಿನಾ?" ಎಂದು ಗಡಿಗೆಯನ್ನು ಕುಕ್ಕಿದೆ. ಇಬ್ಬರೂ ಕುಡಿದರು, ಆದರೆ ಬೆನ್ನು ತಿರುಗಿಸಿಕೊಂಡೇ ಕುಡಿದರು.

ಕೊನೆಗೆ ತಂತಮ್ಮ ತಂಡದವರ ಕೈಗೆ ದಾರ ಕೊಟ್ಟು, ತಂತಮ್ಮ ಅಳತೆಯಲ್ಲೇ ಗೆರೆ ಎಳೆದುಕೊಂಡರು. ಎಡಗಿವಿ ಮೊದಲು ಮುಗಿಯಿತು. ಒಂದು ಮಧ್ಯಾಹ್ನ ಎಲ್ಲರೂ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದಾಗ ನಾನು ಮೇಲೆ ಹತ್ತಿ ಆ ಕಿವಿಗೆ ಬಾಯಿಟ್ಟು ಹೇಳಿದೆ: "ದೊರೆಯೇ, ಇವರಿಬ್ಬರೂ ಮತ್ತೆ ಒಂದೇ ಚಾಪೆ ಮೇಲೆ ಕೂತು ಉಣ್ಣೋ ಹಾಗೆ ಮಾಡು. ನನಗೆ ಬೇರೇನೂ ಬೇಡ." ಹೇಳಿ ಇಳಿಯುವಾಗ ಅಳು ಬಂತು. ತವರು ಒಂದು ಕೂಗಿನ ದೂರದಲ್ಲಿದ್ದೂ ಇಲ್ಲದ ಹಾಗಾಗಿತ್ತು.

ಅಟ್ಟಣಿಗೆಯ ಮುಂದಿನ ಮರ ಬಿಚ್ಚಿದ ದಿನ ಊರೆಲ್ಲ ನೋಡಲು ಬಂತು. ನೋಡಿದರೆ, ದೊರೆಯ ಬಲಗಿವಿ ಮೊರದಗಲ, ಎಡಗಿವಿ ರೊಟ್ಟಿಯಷ್ಟು!

ದೊರೆಯ ಕಡೆಯ ಅಧಿಕಾರಿ ಎಡದಿಂದ ನೋಡಿದ, ಬಲದಿಂದ ನೋಡಿದ. ಅವನ ಮುಖ ಕಪ್ಪಿಟ್ಟಿತು. "ಯಾರದು ತಪ್ಪು? ತಪ್ಪು ಮಾಡಿದೋನು ನಾಳೆಯಿಂದ ಮರಳುಗಾಡಿನ ಗಣೀಲಿ ಕಲ್ಲು ಒಡೀತಾನೆ."

ಹೋದರೆ ಗಂಡ ಹೋಗಬೇಕು, ಇಲ್ಲವೇ ಅಣ್ಣ. ಒಬ್ಬ ಇನ್ನೊಬ್ಬನ ಕಡೆ ಬೆರಳು ತೋರಿಸಿದರೆ ಮುಗಿಯಿತು.

ಅಣ್ಣ ಮುಂದೆ ಬಂದ. "ನನ್ನದು ಸ್ವಾಮಿ. ದೊಡ್ಡದು ಮಾಡಿದ್ದು ನಾನು."

"ಸುಮ್ನಿರಿ ಭಾವ!" ನನ್ನ ಗಂಡ ಗುಡುಗಿದ. "ಚಿಕ್ಕದು ಮಾಡಿದ್ದು ನಾನು. ನನ್ನದೇ ತಪ್ಪು."

"ನೀನು ಸುಮ್ನಿರಯ್ಯ ಭಾವ! ಅಳತೆ ತಪ್ಪಿದ್ದು ನಾನು ಅಂತಿದೀನಲ್ಲ."

"ಎಲ್ಲಾದ್ರಲ್ಲೂ ನಿಮ್ದೇ ಮುಂದೆ ಇರಬೇಕಾ? ಗಣೀಗೆ ನಾನು ಹೋಗ್ತೀನಿ!"

ಭಾವ! ಹಬ್ಬದಿಂದ ಈಚೆಗೆ ಆ ಶಬ್ದ ಅವರ ಬಾಯಿಂದ ಹೊರಟಿರಲಿಲ್ಲ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕೆನೋ ಅತ್ತೆನೋ, ನನಗೇ ಗೊತ್ತಾಗಲಿಲ್ಲ.

ಅಧಿಕಾರಿಗೆ ತಲೆ ಚಿಟ್ಟುಹಿಡಿಯಿತು. "ಸಾಕು ಮಾಡ್ರೋ! ಚಿಕ್ಕ ಕಿವೀನ ದೊಡ್ಡದು ಮಾಡಕ್ಕಾಗಲ್ಲ. ದೊಡ್ಡದನ್ನೇ ಕಡಿದು ಸಮ ಮಾಡಿ."

ಆಗ ಜನರ ನಡುವಿನಿಂದ ಮೀನು ಮಾರುವ ತಮಿತ್ ನುಗ್ಗಿ ಬಂದಳು. "ಮುಟ್ಟಿ ನೋಡಿ! ಈಗ ತಾನೇ ಆ ಕಿವೀಗೆ ನನ್ ಮಗಳ ಮದುವೆ ವಿಷಯ ಕೂಗಿ ಹೇಳಿದೀನಿ. ಕಿವಿ ಕಡಿದ್ರೆ ನನ್ ಹರಕೇನೂ ಉದುರಿ ಹೋಗುತ್ತೆ!"

"ನಾನು ಹಸು ವಿಷಯ ಹೇಳಿದೀನಿ," ಎಂದ ಒಬ್ಬ. "ನಾನು ಸೊಂಟನೋವು," ಎಂದಳು ಒಬ್ಬ ಮುದುಕಿ. ಒಬ್ಬೊಬ್ಬರದೂ ಒಂದೊಂದು. ಒಳಗಿನ ದೇವರ ಹತ್ತಿರ ನಮ್ಮಂಥವರನ್ನು ಯಾರು ಬಿಡುತ್ತಾರೆ? ಬಾಗಿಲಲ್ಲಿ ಕೂತ ದೊರೆಯೇ ನಮ್ಮ ಮಾತು ಒಳಗೆ ಮುಟ್ಟಿಸಬೇಕು. ಅಷ್ಟು ಜನರ ಹರಕೆ ಹೊತ್ತ ಕಿವಿಗೆ ಉಳಿ ಇಡಲು ಅಧಿಕಾರಿಗೂ ಧೈರ್ಯ ಸಾಲಲಿಲ್ಲ. "ಇರಲಿ. ದೊರೆಗೆ ಪ್ರಜೆಗಳ ಮಾತು ಜಾಸ್ತಿ ಕೇಳಿಸುತ್ತೆ ಅಂತ ಅರಮನೇಲಿ ನಾನೇ ಹೇಳ್ತೀನಿ," ಎಂದು ಗೊಣಗಿದ. ಹೊರಡುವಾಗ ಇಬ್ಬರಿಗೂ ಬೆರಳು ಆಡಿಸಿದ: "ಮುಂದಿನ ಮೂರ್ತಿಗೆ ದಾರ ನೀವಿಬ್ಬರೇ ಹಿಡೀಬೇಕು. ತಿಳೀತಾ?"

ಅವತ್ತು ಸಂಜೆ ಬಾತುಕೋಳಿ ಬೇಯಿಸಿದೆ. ಬಡಿಸುವ ಕೆಲಸ ನಾನೇ ಇಟ್ಟುಕೊಂಡೆ. ಇಬ್ಬರಿಗೂ ಒಂದೊಂದು ತೊಡೆ, ಕತ್ತು ನನಗೆ. ಒಂದೇ ಚಾಪೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತು, ಯಾರ ತಪ್ಪು ದೊಡ್ಡದು ಎಂದು ಆಗಲೂ ಕಿತ್ತಾಡುತ್ತಲೇ ಇದ್ದರು.

ಈಗ ದೂರದೂರದಿಂದ ಜನ ಬಂದು ದೊಡ್ಡ ಕಿವಿಯ ಕೆಳಗೆ ಸಾಲು ನಿಲ್ಲುತ್ತಾರೆ. ಚಿಕ್ಕ ಕಿವಿಯ ಕಡೆ ನೊಣವೂ ಸುಳಿಯುವುದಿಲ್ಲ. ಅವತ್ತು ನನ್ನ ಮಾತು ಕೇಳಿಸಿಕೊಂಡದ್ದು ಅದೇ ಕಿವಿ; ಹೇಳುವುದಿದ್ದಾಗ ನಾನು ಅಲ್ಲಿಗೇ ಹೋಗುತ್ತೇನೆ. ಯಾರಿಗೂ ತಿಳಿಸಿಲ್ಲ, ತಿಳಿಸಿದರೆ ಅಲ್ಲೂ ನೂಕುನುಗ್ಗಲು ಶುರುವಾಗುತ್ತದೆ.