ನಲವತ್ತನೆಯ ದಿನದ ಊಟ

ಗಂಡ ಶರೀಫ ತೀರಿಕೊಂಡು ನಾಳೆಗೆ ನಲವತ್ತು ದಿನ. ಆ ದಿನದ ಫಾತಿಹಾ ಪ್ರಾರ್ಥನೆಗೆ, ತೀರಿಹೋದವರಿಗೆ ಇಷ್ಟವಾಗಿದ್ದ ಅಡಿಗೆಯನ್ನೇ ಮಾಡಿಡಬೇಕು. ಅಂಧೇರಿಯ ಪುಟ್ಟ ಮನೆಯಲ್ಲಿ ಚಾಂದಬಿ ಬೆಳಗಿನಿಂದ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನಿಗೇನು ಇಷ್ಟವೆಂದು ಗೊತ್ತಿಲ್ಲ! ಹೇಳಿದರೆ ಜನ ನಗುವುದಿಲ್ಲವೇ?

ತಪ್ಪು ಅವಳೊಬ್ಬಳದೇ ಅಲ್ಲ ಬಿಡಿ. ಶರೀಫ ನೌಕಾಪಡೆಯ ಹಡಗಿನಲ್ಲಿ ಅಡಿಗೆಯವನಾಗಿದ್ದ. ಹದಿನೈದು ವರ್ಷ ಮುನ್ನೂರು ಜನರಿಗೆ ಬೇಯಿಸಿ ಹಾಕಿ, ಕೊನೆಗೆ ತಳದಲ್ಲಿ ಉಳಿದದ್ದನ್ನು ಉಂಡವನು. ಮನೆಯಲ್ಲೂ ಅದೇ ಚಾಳಿ. ರಜೆಯ ಮೇಲೆ ಬಂದಾಗಲೆಲ್ಲ ಅವಳು ಬಿರಿಯಾನಿ ಮಾಡುತ್ತಿದ್ದಳು, ಅವನು "ಅಚ್ಛಾ ಹೈ" ಎನ್ನುತ್ತಿದ್ದ. ಉಪ್ಪು ಮರೆತ ದಿನವೂ ಅಚ್ಛಾ ಹೈ. ನೌಕರಿ ಮುಗಿಸಿ ಮನೆಯಲ್ಲೇ ಉಳಿದ ಮೇಲೂ ಅದೇ ಮಾತು. ಅವನ ಬಾಯಿಂದ ಬೇಕು ಬೇಡ ತಿಳಿಯುವುದೆಂದರೆ ಕಲ್ಲಿನಲ್ಲಿ ನಾರು ತೆಗೆದಂತೆ.

ಹಡಗಿನಲ್ಲಿ ಅವನ ಜೊತೆಗಿದ್ದ ಗುರಲಿಂಗಪ್ಪ ಮಧ್ಯಾಹ್ನ ಬಂದ. ಅವನು ಮಾಂಸ ಮುಟ್ಟದವನು; ನಾಳೆ ಮಾಂಸದಡಿಗೆ ಇರುತ್ತದೆಂದು ಒಂದು ದಿನ ಮೊದಲೇ ಬಂದಿದ್ದ. ಅವನೊಬ್ಬನಿಗಾಗಿ ಶರೀಫ ಹಡಗಿನಲ್ಲಿ ಬೇರೆ ಪಾತ್ರೆಯನ್ನೇ ಇಟ್ಟಿದ್ದನಂತೆ. ಚಾಂದಬಿ ನಾಚಿಕೆ ಬಿಟ್ಟು ಕೇಳಿಯೇ ಬಿಟ್ಟಳು.

"ಅಣ್ಣಾರ, ಅವರಿಗೆ ತಿನ್ನಾಕ ಏನ್ ಸೇರತಿತ್ತು?"

"ಅದನ್ನ ನನಗ ಕೇಳ್ತೀರೇನ್ರೀ ಭಾಬಿ?" ಗುರಲಿಂಗಪ್ಪ ನಕ್ಕ. "ಜ್ವಾಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನಮ್ಮವ್ವ ಗಂಟು ಕಟ್ಟಿ ಕಳಿಸಿದ್ದರಾಗ ಅರ್ಧಾ ಅವನೇ ಖಾಲಿ ಮಾಡ್ತಿದ್ದ."

"ಮನ್ಯಾಗ ಒಂದ್ ದಿನಾನೂ ಕೇಳಲಿಲ್ಲಲ್ಲ!"

"ರಜಾಕ್ಕ ಹೋದಾಗ ಮಾಡಿಸ್ಕೊಂಡು ತಿನ್ನೋ ಅಂತ ನಾನೂ ಅಂದೆ. 'ಆಕಿ ಬಿರಿಯಾನಿ ಮಾಡಿ ದಾರಿ ಕಾಯ್ತಿರ್ತಾಳ, ರೊಟ್ಟಿ ಕೇಳಿದ್ರ ಆಕಿ ಮಾರಿ ಸಣ್ಣಾಗ್ತದ' ಅಂದ."

ಮುಂಬಯಿಗೆ ಬಂದ ಮೇಲೆ ರೊಟ್ಟಿ ಬಡಿಯುವುದನ್ನು ಚಾಂದಬಿಯೇ ಬಿಟ್ಟಿದ್ದಳು. ಕಡಲು ಸುತ್ತಿ ಬಂದವನ ಮುಂದೆ ಹಳ್ಳಿಯ ರೊಟ್ಟಿ ಇಡುವುದೇ ಎಂಬ ಸಂಕೋಚ.

ಗುರಲಿಂಗಪ್ಪ ಹೋದ ಕೂಡಲೇ ಗಿರಣಿಗೆ ಹೋಗಿ ಜೋಳದ ಹಿಟ್ಟು ತಂದಳು. ಕೈಗೆ ರೂಢಿ ತಪ್ಪಿತ್ತು. ಮೊದಲನೆಯದು ಹರಿಯಿತು, ಎರಡನೆಯದು ಸೀದಿತು. ಹನ್ನೆರಡು ರೊಟ್ಟಿ ಬಡಿದ ಮೇಲೆ ನಾಲ್ಕು ನೆಟ್ಟಗಾದವು. ಅವನ್ನು ಗಟ್ಟಿಯಾಗುವವರೆಗೆ ಹೆಂಚಿನ ಮೇಲೆಯೇ ಒಣಗಿಸಿದಳು. ಶೇಂಗಾ ಹುರಿದು ಚಟ್ನಿಯನ್ನೂ ಕುಟ್ಟಿದಳು.

ಮರುದಿನ ರೊಟ್ಟಿ, ಚಟ್ನಿ ಮುಂದಿಟ್ಟು ಫಾತಿಹಾ ಆಯಿತು. ಬಂದವರಿಗೆಂದು ಮಾಡಿಸಿದ್ದ ಬಿರಿಯಾನಿಯನ್ನು ಎಲ್ಲರೂ ಉಂಡು ಹೊಗಳಿದರು. ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಮೂರು ಗಂಟೆಯ ಹೊತ್ತಿಗೆ ಮನೆ ಬರಿದಾಯಿತು.

ಅವಳು ಒಬ್ಬಳೇ ಕೂತು, ಒಂದು ರೊಟ್ಟಿ ಮುರಿದು ಚಟ್ನಿ ಹಚ್ಚಿ ಬಾಯಿಗಿಟ್ಟಳು. ಎಷ್ಟು ರುಚಿಯಾಗಿತ್ತು! ತಿನ್ನುತ್ತಲೇ ಅಳು ಬಂತು, ಅಳುತ್ತಲೇ ನಾಲ್ಕನ್ನೂ ತಿಂದು ಮುಗಿಸಿದಳು. ನಿಜ ಹೇಳಬೇಕೆಂದರೆ, ಬಿರಿಯಾನಿ ಅವಳಿಗೂ ಎಂದೂ ಸೇರುತ್ತಿರಲಿಲ್ಲ. ಅವಳೂ ಅದನ್ನು ಶರೀಫನಿಗೆ ಹೇಳಿರಲಿಲ್ಲ.