ಬಾಯ್ಲರಿಗೆ ನೀರು ಬಿಟ್ಟವರು

ಢಣ್, ಢಣ್ — ಮತ್ತೆ ಗೋಡೆಯೊಳಗಿಂದಲೇ, ಯಾರೋ ಕೊಳವೆಗೆ ಸುತ್ತಿಗೆಯಲ್ಲಿ ಬಡಿದ ಹಾಗೆ, ಕಿಟಕಿಯ ಕೆಳಗೆ ಹಬೆಯಿಂದ ಕೋಣೆ ಕಾಯಿಸುವ ರೇಡಿಯೇಟರು ಪಕ್ಕದ ಸಣ್ಣ ತೂತಿನಿಂದ ತುಕ್ಕುನೀರು ಉಗುಳುತ್ತಿದೆ, ನೆಲದ ಮೇಲೆ ಇನ್ನೊಂದು ಕಂದು ಕಲೆ, ಡಿಯೊಲಿಂಡಾ ಸಾರಿಗೆ ಹೆಚ್ಚುತ್ತಿದ್ದ ಸೊಪ್ಪನ್ನು ಹಾಗೇ ಬಿಟ್ಟು ಕಿವಿಗೊಟ್ಟಳು, ನಿನ್ನೆ ತಾನೇ ನೆಲಮಾಳಿಗೆಗೆ ಇಳಿದು ಎರಡು ಬಕೆಟ್ಟು ನೀರು ಬಸಿದಿದ್ದಳಲ್ಲ, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯಲ್ಲಿ ನೀರು ಸರಿಯಾಗಿ ಅರ್ಧಕ್ಕೆ ನಿಂತದ್ದನ್ನು ಕಣ್ಣಾರೆ ನೋಡಿ ಬಂದಿದ್ದಳಲ್ಲ, ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ತುಂಬಿತು ಅಂದರೆ ನೀರಿಗೇನು ಕಾಲಿದೆಯೆ — ಇಲ್ಲ, ಇದು ಕೈಯ ಕೆಲಸ, ನೀರು ಹೆಚ್ಚಾದರೆ ಹಬೆಯ ಜೊತೆ ಅದೂ ಕೊಳವೆ ಹತ್ತುತ್ತದೆ, ಅದಕ್ಕೇ ಈ ಬಡಿತ ಅಂತ ಕೊಳಾಯಿ ರಿಪೇರಿಯ ಲಿಯೊನೆಲ್ ಹೇಳಿದ್ದ, ಬಾಯ್ಲರಿನ ಮುಂದೆ ಮಂಡಿಯೂರಿ ಟಾರ್ಚು ಬಿಟ್ಟುಕೊಂಡು, ಅತ್ತೆ, ನಿಮ್ಮ ಬಾಯ್ಲರು ಗಟ್ಟಿಮುಟ್ಟಾಗಿದೆ, ನೀರು ಬಿಡೋ ಕವಾಟಾನೂ ಸೋರ್ತಿಲ್ಲ, ಯಾರೋ ಕೈಯಾರೆ ತಿರುಗಿಸ್ತಿದಾರೆ, ಹುಷಾರು, ಯಾವತ್ತಾದ್ರೂ ಒಣಗಿ ಕಾದಿರೋವಾಗ ತಣ್ಣೀರು ಬಿಟ್ರೆ ಕಬ್ಬಿಣ ಸೀಳಿಹೋಗತ್ತೆ, ಅಂದ, ಯಾರೋ ಅಂದರೆ ಯಾರಪ್ಪ, ಹೇಳುವಾಗ ಅವನು ಮುಖ ಎತ್ತಲಿಲ್ಲವಲ್ಲ, ಹೋದ ತಿಂಗಳು ಹೊಸ ಬಾಯ್ಲರು ಹಾಕಿಸ್ಕೊಳ್ಳಿ ಅತ್ತೆ ಎಂದವನೂ ಇವನೇ ಅಲ್ಲವೆ, ಇವನಮ್ಮ ಇಗರ್ಜಿಯಲ್ಲಿ ತನ್ನ ಪಕ್ಕದಲ್ಲೇ ಕೂರುತ್ತಾಳೆ ಅಂದ ಮಾತ್ರಕ್ಕೆ ಇವನನ್ನು ನಂಬುವುದು ಹೇಗೆ — ಆದರೂ ಲಿಯೊನೆಲ್‌ಗೆ ಬೀಗದ ಕೈ ಎಲ್ಲಿದೆ, ಬೀಗದ ಕೈ ಇರುವುದು ವೆಂಡೆಲ್ ಹತ್ತಿರ, ಅಕ್ಟೋಬರಿನಲ್ಲಿ ಮೇಲಿನ ಮಹಡಿಗೆ ಬಾಡಿಗೆಗೆ ಬಂದವನು, ಸೈಕಲ್ಲು ಇಟ್ಕೋಬೇಕು ಅಮ್ಮಾವ್ರೇ, ಕೆಳಗಿನ ಬೀಗದ ಕೈ ಒಂದು ಕೊಟ್ಟಿರಿ, ಅಂತ ನಯವಾಗಿ ಕೇಳಿದವನು, ಮಾರನೇ ದಿನವೇ ನಂ ರೂಮು ಮಂಜುಗಡ್ಡೆ ಅಂತ ಬಾಗಿಲು ಬಡಿದವನು, ಚಳಿ ತಡೆಯಲಾರದೆ ಅವನೇ ಏನೋ ತಿರುಗಿಸುತ್ತಿದ್ದಾನೆ, ಸೈಕಲ್ಲಂತೆ, ಜನವರಿಯ ಹಿಮದಲ್ಲಿ ಯಾರು ಸೈಕಲ್ಲು ತುಳಿಯುತ್ತಾರೆ — ಆದರೆ ವೆಂಡೆಲ್ ಗುರುವಾರವೇ ತಾಯಿಯ ಊರಿಗೆ ಹೋಗಿದ್ದಾನೆ, ಅವನ ಮೆಟ್ಟಿಲ ಮೇಲೆ ಬಿದ್ದ ಹಿಮದಲ್ಲಿ ಒಂದು ಹೆಜ್ಜೆಯೂ ಇಲ್ಲ, ಇವತ್ತು ಭಾನುವಾರ, ಗೋಡೆ ಇನ್ನೂ ಬಡಿಯುತ್ತಿದೆ, ಢಣ್.

ಬೇಕರಿಗೆ ಹೋಗಿ ಸಿಹಿ ಬ್ರೆಡ್ಡು ತರ್ತೀನಿ ಕಣ್ರೀ ಅಂದಳು, ಗಂಡ ಅಮಾನ್ಸಿಯು ಕುರ್ಚಿಯಿಂದಲೇ ಹೂಂ ಎಂದ, ಕೋಟು ತೊಟ್ಟು ಮುಂಬಾಗಿಲು ಸದ್ದಾಗುವಂತೆ ಎಳೆದಳು, ಆಮೇಲೆ ಮನೆ ಸುತ್ತಿ ಹಿತ್ತಲ ಬಾಗಿಲಿಂದ ನೆಲಮಾಳಿಗೆಗೆ ಇಳಿದಳು, ಅರವತ್ತೆಂಟರ ಹೆಂಗಸು ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಬಟ್ಟೆ ಒಗೆಯುವ ಯಂತ್ರದ ಹಿಂದೆ ಕುಕ್ಕರುಗಾಲಲ್ಲಿ, ಯಾರಾದರೂ ನೋಡಿದರೆ ಏನೆಂದುಕೊಂಡಾರು, ಸೀಮೆಎಣ್ಣೆಯ ವಾಸನೆ, ಒದ್ದೆ ಸಿಮೆಂಟಿನ ವಾಸನೆ, ಬಾಯ್ಲರಿನೊಳಗೆ ಬೆಂಕಿ ಗುಂಯ್‌ಗುಡುತ್ತಿದೆ, ಸಿಕ್ಕಿಬೀಳಲಿ, ಹಿಡಿದು ಕೇಳುತ್ತೇನೆ, ಏನೋ ನಿನಗೆ ನಮ್ಮ ಮನೆ ಮೇಲೆ ಕಣ್ಣು ಅಂತ ಕೇಳುತ್ತೇನೆ — ಮೆಟ್ಟಿಲ ಮೇಲೆ ಸದ್ದು, ಒಳಗಿನ ಮೆಟ್ಟಿಲು, ಅಡುಗೆಮನೆಯಿಂದ ಇಳಿಯುವುದು, ಸರಕ್ ಸರಕ್, ಮುಖ ಕಾಣುವ ಮೊದಲೇ ಅವಳಿಗೆ ತಿಳಿಯಿತು, ಹಿಮ್ಮಡಿ ಸವೆದ ಆ ಚಪ್ಪಲಿಯನ್ನು ಎಸೆಯಿರಿ ಅಂತ ಎಷ್ಟು ವರ್ಷದಿಂದ ಹೇಳುತ್ತಿದ್ದಾಳೆ, ಅಮಾನ್ಸಿಯು, ಗಿರಣಿಯ ಬಾಯ್ಲರ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಅಮಾನ್ಸಿಯು ಗಾಜಿನ ಕೊಳವೆಯ ಮುಂದೆ ಬಗ್ಗಿದ, ಉಗುರಿನಿಂದ ತಟ್ಟಿದ, ಖಾಲಿ, ಎಂದ, ಕವಾಟ ತಿರುಗಿಸಿದ, ಕೊಳವೆಯಲ್ಲಿ ನೀರು ಸುಯ್ಯೆಂದಿತು, ನಿಲ್ಲಿಸಿದ, ಮೇಲೆ ಹೋದ, ಅವಳ ಮಂಡಿ ಎದ್ದು ನಿಲ್ಲಲು ಇನ್ನೂ ಒದ್ದಾಡುತ್ತಿದೆ, ಸರಕ್ ಸರಕ್, ಮತ್ತೆ ಬಂದ, ಮತ್ತೆ ಬಗ್ಗಿದ, ಮತ್ತೆ ಅದೇ ಉಗುರು, ಖಾಲಿ.

ಏನ್ರೀ ಇದು, ಯಂತ್ರದ ಹಿಂದಿನಿಂದ ಎದ್ದು ಬಂದು ಎಂದಳು, ಅವನು ಬೆಚ್ಚಲಿಲ್ಲ, ಬಂದ್ಯಾ ಲಿಂಡಾ, ಮೆಲ್ಲಗೆ ಮಾತಾಡು, ಯಾರೋ ದಿನಾ ನೀರು ಬಸೀತಿದಾರೆ ಕಣೇ, ನಾನು ತುಂಬಿಸ್ತೀನಿ, ಅವರು ಬಸೀತಾರೆ, ಆ ಮೇಲಿನವನ ಮೇಲೇ ನಂಗೆ ಅನುಮಾನ, ನೀನು ಯಾರ ಹತ್ರಾನೂ ಬಾಯಿ ಬಿಡಬೇಡ, ಕಣ್ಣಲ್ಲಿ ಎಂಥ ಹೊಳಪು, ಕಳ್ಳನನ್ನು ಕಾಯುವವನ ಹೊಳಪು, ಇಷ್ಟು ದಿನ ತನ್ನ ಕಣ್ಣಲ್ಲೂ ಇದೇ ಇದ್ದಿರಬೇಕು, ಬಸಿದವಳು ನಾನೇ ರೀ ಅಂತ ಹೇಗೆ ಹೇಳುವುದು — ಇದನ್ನೆಲ್ಲ ಕಲಿಸಿದವನು ಇವನೇ, ಹುಟ್ಟಿದ ದ್ವೀಪ ಬಿಟ್ಟು ಈ ಊರಿಗೆ ಬಂದ ಮೊದಲ ಚಳಿಗಾಲ, ಹೊಸ ಮದುವೆ, ಇದೇ ಕೊಳವೆಯ ಮುಂದೆ ಅವಳ ಭುಜ ಹಿಡಿದು ನಿಲ್ಲಿಸಿ, ನೋಡು, ನೀರಿನ ಗೆರೆ ಕಾಣ್ಲಿಲ್ಲ ಅಂದ್ರೆ ಖಾಲಿ ಅಂದ್ಕೋಬೇಡ, ಕಂಠದವರೆಗೆ ತುಂಬಿದ್ರೂ ಗೆರೆ ಕಾಣಲ್ಲ, ಎರಡೂ ಒಂದೇ ಥರ, ಮೇಲಿನ ಪುಟ್ಟ ನಲ್ಲಿ ತಿರುಗಿಸು, ನೀರು ಬಂದ್ರೆ ತುಂಬಿದೆ ಅಂತ, ಅವಳು ಬಗ್ಗಿ ಆ ಪುಟ್ಟ ನಲ್ಲಿ ತಿರುಗಿಸಿದಳು, ಬಿಸಿನೀರು ಚಿಮ್ಮಿ ಬಕೆಟ್ಟಿಗೆ ಬಿತ್ತು, ಹಬೆಯೆದ್ದಿತು, ಅವನು ಬಕೆಟ್ಟನ್ನು ನೋಡಿದ, ಅವಳನ್ನು ನೋಡಿದ, ಇದೆಲ್ಲಿಂದ ಬಂತೇ, ಎಂದ, ಗಾಜಿನ ಕಡೆ ತಿರುಗಿದ, ಅವಳು ಅಂದುಕೊಂಡಳು, ನಾಳೆ ಲಿಯೊನೆಲ್‌ಗೆ ಹೇಳಿ ಕವಾಟದ ಹಿಡಿ ತೆಗೆಸಬೇಕು, ವೈದ್ಯರಿಗೆ ಏನೆಂದು ಹೇಳುವುದು, ವೆಂಡೆಲ್ ಬಂದರೆ ಮುಖ ಹೇಗೆ ತೋರಿಸುವುದು, ಮಕ್ಕಳಿಗೆ — ಅವನು ಮತ್ತೆ ಬಗ್ಗಿದ್ದಾನೆ, ಉಗುರು ಗಾಜಿಗೆ ತಾಗುತ್ತಿದೆ, ಟಿಕ್, ಟಿಕ್, ಅವಳೂ ಪಕ್ಕದಲ್ಲೇ ಬಗ್ಗಿದಳು, ನೋಡಿದಳು, ಬರೀ ಗಾಜು, ಮೇಲಿಂದ ಕೆಳಗಿನವರೆಗೆ ತಿಳಿಯಾದ ಗಾಜು, ಎಲ್ಲೂ ಗೆರೆಯಿಲ್ಲ.