ಮೂರು ನುಡಿ ಮುಗಿಯುವಷ್ಟರಲ್ಲಿ

"ಈ ಬಕ್ಕಲ್ಲು ಬೆನ್ನ ಹಿಂದ ಇಟ್ಟಾಂವ ಯಾವನಪ್ಪ? ಅವನ ಕೈ ಎಷ್ಟುದ್ದ ಅದಾವೋ?"

ಅಂಗಳದ ಬೇವಿನ ಮರಕ್ಕೆ ಮುಖ ಮಾಡಿ ಇಸ್ಮಾಯಿಲ್‌ಸಾಬ್ ಕೇಳಿದ. ಮೈಮೇಲೆ ರಬ್ಬರಿನ ಕರಿ ಅಂಗಿ, ಅದರ ಮೇಲೆ ಗಾಳಿ ತುಂಬುವ ಜಾಕೆಟ್ಟು, ಬೆನ್ನಿಗೆ ಸಿಲಿಂಡರು. ಕಟ್ಟೆಯ ಮೇಲೆ ಕೂತ ವಿರೂಪಾಕ್ಷಪ್ಪನಿಗೆ ಬೆಳಗ್ಗಿನಿಂದ ಈ ತೊಡುವುದು ಬಿಚ್ಚುವುದನ್ನು ನೋಡಿ ನೋಡಿ ತಲೆ ಚಿಟ್ಟು ಹಿಡಿದಿತ್ತು.

ಸಿಂಧನೂರಿನ ಸುತ್ತ ಕಾಲುವೆಗೆ ಮೋಟಾರು ಬಿದ್ದರೆ, ಮಸ್ಕಿ ಜಲಾಶಯದ ತೂಬಿಗೆ ಕಸ ಸಿಕ್ಕಿಕೊಂಡರೆ ಇಸ್ಮಾಯಿಲ್‌ಸಾಬನಿಗೇ ಕರೆ ಬರುತ್ತಿತ್ತು. ಉಸಿರು ಬಿಗಿಹಿಡಿದು ಮುಳುಗುವವನು ಅವನು. ಅವನ ಸೊಂಟದ ಹಗ್ಗ ಹಿಡಿದು ದಂಡೆಯ ಮೇಲೆ ನಿಲ್ಲುವವನು ವಿರೂಪಾಕ್ಷಪ್ಪ. ಇಬ್ಬರಿಗೂ ಗಡಿಯಾರ ಬೇಕಾಗಿರಲಿಲ್ಲ. ಮಠದ ಪುರಾಣ ಕೇಳುತ್ತಲೇ ಬೆಳೆದ ವಿರೂಪಾಕ್ಷಪ್ಪ ಹಗ್ಗ ಹಿಡಿದು ಷಟ್ಪದಿ ಹಾಡುತ್ತಿದ್ದ. ಮೂರು ನುಡಿ, ಅಂದರೆ ಮೂರು ಪದ್ಯ, ಮುಗಿಯುವಷ್ಟರಲ್ಲಿ ಗೆಳೆಯ ಮೇಲೆ ಬರಬೇಕು. ಬಾರದಿದ್ದರೆ ಹಗ್ಗ ಎಳೆಯಬೇಕು.

ಹೋದ ತಿಂಗಳು ಮೂರನೆಯ ನುಡಿ ಇನ್ನೂ ಅರ್ಧದಲ್ಲಿರುವಾಗಲೇ ಇಸ್ಮಾಯಿಲ್‌ಸಾಬ್ ನೀರು ಕುಡಿದು, ಕಣ್ಣು ಮೇಲೆ ಮಾಡಿ ತೇಲಿ ಬಂದಿದ್ದ. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಅತೀಯಾ ಅಂದೇ ಹಟ ಹಿಡಿದಳು: ನೀರೊಳಗೆ ಉಸಿರಾಡುವ ಸ್ಕೂಬಾ ಸಾಮಾನಿಲ್ಲದೆ ಅಬ್ಬಾ ಇನ್ನು ನೀರಿಗಿಳಿಯುವಂತಿಲ್ಲ. ಕರಾವಳಿಯ ಅಂಗಡಿಯಿಂದ ಹಲವು ನಮೂನೆ ತರಿಸಿದ್ದಳು. ಹೊಂದಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಇವತ್ತೇ ಮರಳಿ ಕಳಿಸಬೇಕು.

"ಇದನ್ನ ತಗೋರಿ ಅಬ್ಬಾ. ಬಕ್ಕಲ್ಲು ಎದಿ ಮ್ಯಾಲ ಐತಿ, ದೊಡ್ಡದೂ ಐತಿ. ಸಿಲಿಂಡರು ನೀರಿಗಿಳಿದ ಮ್ಯಾಲ ಬಗಲಿಗೆ ಸಿಗಿಸಿದ್ರಾತು, ಬೆನ್ನಿಗೆ ಭಾರಿಲ್ಲ."

"ಬಗಲಿಗೆ ಕೊಡ ಸಿಗಿಸ್ಕೊಂಡು ನೀರಿಗೆ ಹೋಗಾಕ ನಾ ಏನ್ ಹೊಸಾ ಸೊಸಿಯೇನು?"

"ಸೊಸಿ ಆಗಿದ್ರ ಹೇಳಿದ ಮಾತಾದ್ರೂ ಕೇಳ್ತಿದ್ದಿ," ಎಂದ ವಿರೂಪಾಕ್ಷಪ್ಪ.

ಇಸ್ಮಾಯಿಲ್‌ಸಾಬ್ ಗೊಣಗುತ್ತಲೇ ಆ ಜಾಕೆಟ್ಟಿಗೆ ಒಪ್ಪಿದ. ಪಾದಕ್ಕೆ ತೊಟ್ಟು ಈಜುವ, ಮೊಣಕಾಲು ಹಿಡಿಯದ ಮೆತ್ತನೆಯ ಕಾಲುರೆಕ್ಕೆಗೂ ಒಪ್ಪಿದ. ಮಾತು ನಿಂತದ್ದು ನೀರೊಳಗೆ ಹಾಕುವ ಕನ್ನಡಕದ ಹತ್ತಿರ. ಅತೀಯಾ ಸಿಲಿಂಡರಿನ ಗಾಳಿ ತೋರಿಸುವ ಮೀಟರನ್ನು ಅವನ ಕೈಗಿಟ್ಟಳು.

"ಎಷ್ಟೈತಿ, ಓದ್ರಿ."

ಇಸ್ಮಾಯಿಲ್‌ಸಾಬ್ ಅದನ್ನು ಕಣ್ಣ ಹತ್ತಿರ ಹಿಡಿದ, ದೂರ ಹಿಡಿದ, ಬಿಸಿಲಿಗೆ ತಿರುಗಿಸಿದ. "ಗಾಳಿ ಐತಿ."

"ಎಷ್ಟು?"

"ಬೇಕಾದಷ್ಟು."

ನಂಬರಿನ ಗಾಜು ಕೂಡಿಸಿದ ನೀರಿನ ಕನ್ನಡಕವೂ ಪೆಟ್ಟಿಗೆಯಲ್ಲಿತ್ತು. ಅವನು ಅದನ್ನು ಕೈಯಿಂದ ಮುಟ್ಟಲಿಲ್ಲ. "ಗಾಜು ಹಾಕ್ಕೊಂಡ್ ಮುಳುಗ್ಯಾನ, ಮುದುಕ ಆಗ್ಯಾನ ಅಂತ ಊರೆಲ್ಲಾ ಆಡ್ಕೋತತಿ. ವಿರೂಪಾಕ್ಷಿ ಅದಾನಲ್ಲ. ಒಂದು ಸಿಲಿಂಡರಿಗೆ ಎಷ್ಟು ನುಡಿ ಬರತಾವ ಅಂತ ಒಮ್ಮೆ ಹಾಡಿ ನೋಡಿದ್ರ ಮುಗೀತು."

"ಮಲಗಿದಾಂವ ಎಳಿಯೋ ಗಾಳೀನೇ ಬ್ಯಾರೆ, ಕಸ ಕೀಳಾಂವ ಎಳಿಯೋ ಗಾಳೀನೇ ಬ್ಯಾರೆ, ಅಬ್ಬಾ. ಹಾಡಿಗೆ ಹ್ಯಾಂಗ ಗೊತ್ತಾಗಬೇಕು?" ಅತೀಯಾ ಫೋನು ತೆಗೆದಳು. ಅದರಲ್ಲಿ ಹಿಂದಿನ ಶ್ರಾವಣದಲ್ಲಿ ಮಠದಲ್ಲಿ ಅದೇ ಮೂರು ನುಡಿ ಹಾಡಿದ ವಿರೂಪಾಕ್ಷಪ್ಪನ ದನಿ ಇತ್ತು. "ಕಾಕಾ, ಇದರ ಜೋಡಿ ಹಾಡ್ರಿ."

ವಿರೂಪಾಕ್ಷಪ್ಪ ಕಣ್ಣು ಮುಚ್ಚಿ ಕೈ ಮುಗಿದು ಶುರು ಮಾಡಿದ. ಫೋನಿನವನು ಮುಂದೆ ಮುಂದೆ ಹೋದ. ಫೋನಿನಲ್ಲಿ ಮಠದ ಜನರ ಚಪ್ಪಾಳೆ ಬಿದ್ದಾಗ ಇವನು ಇನ್ನೂ ಎರಡನೆಯ ನುಡಿಯಲ್ಲಿದ್ದ. ಕಟ್ಟಿಸಿದ ಹೊಸ ಹಲ್ಲು ಒಂದೊಂದು ಅಕ್ಷರಕ್ಕೂ ಅಡ್ಡ ಬರುತ್ತಿತ್ತು. ತನಗೆ ತಾನು ಎಂದಿನಂತೆಯೇ ಹಾಡಿದ ಹಾಗಿತ್ತು. ಹೋದ ತಿಂಗಳೂ ಹಾಗೇ ಅನ್ನಿಸಿತ್ತು. ಅಂದು ಗೆಳೆಯನ ಬಾಯಿಂದ ಬಂದ ಕೆಸರು ನೀರು ಕಣ್ಣಿಗೆ ಕಟ್ಟಿತು.

"ಅಂದ್ರ ನನ್ನ ಉಸುರು ಕಡಿಮಿ ಆಗಿಲ್ಲ," ಇಸ್ಮಾಯಿಲ್‌ಸಾಬ್ ಹಿಗ್ಗಿದ. "ಈ ಮಗನ ಹಲ್ಲು ಹೆಚ್ಚಾಗ್ಯಾವ. ಲೇ, ಒಂದಿಷ್ಟು ಲಗೂನ ಹಾಡು."

"ದೇವರ ನುಡಿ ಅದು. ಬಸ್ಸಿಗೆ ಓಡಿದಂಗ ಹಾಡಾಕ ಬರಂಗಿಲ್ಲ."

"ಹಂಗಾದ್ರ ಎರಡೇ ನುಡಿಗೆ ಹಗ್ಗ ಎಳಿ." ಇಸ್ಮಾಯಿಲ್‌ಸಾಬ್ ಗೂಟದ ಹಗ್ಗ ತಂದು ಗೆಳೆಯನ ಅಂಗೈಗೆ ಸುತ್ತಿದ. ದನಿ ತಗ್ಗಿತು. "ಆ ಗಾಜು ನನಗ ಬ್ಯಾಡೋ ದೋಸ್ತಾ. ಮೊದಲಿನಂಗ ನೀ ಹಾಡಿದ್ರ ಸಾಕು. ಹಾಡ್ತೀಯಲ್ಲ?"

ವಿರೂಪಾಕ್ಷಪ್ಪ ಹಗ್ಗ ಬಿಚ್ಚಿದ. ಪೆಟ್ಟಿಗೆಯಿಂದ ನಂಬರಿನ ಕನ್ನಡಕ ತೆಗೆದು ಅವನ ಕೈಗಿಟ್ಟ.

"ಹಾಡಂಗಿಲ್ಲ," ಎಂದ.